ತಂಬೂರಿಯ ನೆಲೆ, ಗಿಟಾರಿನ ನಡೆ: ರಘು ದೀಕ್ಷಿತರ ಗೀತಸಂಪುಟದ ವಿಮರ್ಶೆ

ಗೀತವೆಂಬುದು ಎರಡು ಅಂಗಗಳಿಂದ ಆದುದು. ಪದಗಳ ರಚನೆಗೆ ‘ಮಾತು’ ಎಂದೂ ಸ್ವರಗಳ ರಚನೆಗೆ ‘ಧಾತು’ ಎಂದೂ ಹದಿಮೂರನೆಯ ಶತಮಾನದ ಶಾರ್ಙ್ಗದೇವನು ಸಂಗೀತರತ್ನಾಕರದಲ್ಲಿ ವ್ಯವಹರಿಸಿರುವನು. ಎರಡನ್ನೂ ತಾನೇ ನಿರ್ಮಿಸಬಲ್ಲವನು ಆತನ ಮತದಲ್ಲಿ ವಾಗ್ಗೇಯಕಾರನು. (ಸಂಸ್ಕೃತಗ್ರಂಥದ ಈ ‘ಮಾತು’ ಶಬ್ದಕ್ಕೂ ಕನ್ನಡಿಗರ ಮಾತಿಗೂ ಇರುವ ಹೋಲಿಕೆಯನ್ನು ಶಬ್ದಶಾಸ್ತ್ರಜ್ಞರು ಪ್ರತ್ಯೇಕವಾಗಿ ವಿಚಾರಿಸಬಹುದು.) ಒಬ್ಬನ ಮಾತಿಗೆ ಶತಮಾನ ಕಳೆದ ಮೇಲೆ ಮತ್ತೊಬ್ಬನು, ಅದರಲ್ಲಿಯೂ ಅನ್ಯದೇಶೀಯವಾದ ಸಂಗೀತಪದ್ಧತಿಯಲ್ಲಿ ಕೈ ಪಳಗಿದವನು, ಹೊಸ ಧಾತುವನ್ನು ಕೂಡಿಸಿದಾಗ ಮಾತು ಮಾತಾಗಿಯೇ ಉಳಿಯುವುದೋ, ಅಥವಾ ಧಾತುವಿಗೆ ಹೊದಿಸಿದ ಬಟ್ಟೆಯಾಗಿಬಿಡುವುದೋ ಎಂಬ ಪ್ರಶ್ನೆಯು ಲಘುವಾದುದಲ್ಲ. ಮೈಸೂರಿನ ಗಾಯಕರಾದ ರಘು ದೀಕ್ಷಿತರು 2008ರಲ್ಲಿ ತಮ್ಮ ಹೆಸರನ್ನೇ ಶೀರ್ಷಿಕೆಯಾಗಿಟ್ಟು ಪ್ರಕಟಿಸಿದ ಗೀತಸಂಪುಟವು ಈ ಪ್ರಶ್ನೆಯನ್ನು ಬಿಡಿಸಿ ನೋಡಲು ಒಳ್ಳೆಯ ಅವಕಾಶವನ್ನು ಕೊಡುತ್ತದೆ.

ದೀಕ್ಷಿತರು ಭರತನಾಟ್ಯವನ್ನು ಕ್ರಮವಾಗಿ ಕಲಿತವರು. ಸೂಕ್ಷ್ಮಜೀವಿಶಾಸ್ತ್ರದಲ್ಲಿ ಉನ್ನತ ಪದವಿಯನ್ನು ಪಡೆದವರು. ಗಿಟಾರನ್ನು ಹಿಡಿದುದು ಅನಂತರ. ಪಿಟೀಲು ವಿದ್ವಾಂಸರಾದ ಎಚ್. ಎನ್. ಭಾಸ್ಕರರೊಡಗೂಡಿ ‘ಅಂತರಾಗ್ನಿ’ ಎಂಬ ಮೇಳವನ್ನು ಕಟ್ಟಿ ವರ್ಷಗಟ್ಟಲೆ ವೇದಿಕೆಯ ಮೇಲೆ ಹಾಡಿದ ತರುವಾಯ ಪ್ರಕೃತ ಸಂಪುಟವು ಹೊರಬಂದಿತು. ಮುಂಬಯಿಯ ಚಲನಚಿತ್ರಸಂಗೀತಕಾರರಾದ ವಿಶಾಲ್–ಶೇಖರ್ ಜೋಡಿಯವರು ಅದನ್ನು ಪ್ರಕಾಶಪಡಿಸಿದರು. ಪಂಚೆಯುಟ್ಟು, ಕಾಲಿಗೆ ಗೆಜ್ಜೆ ಕಟ್ಟಿ, ಕೊರಳಿಗೆ ಗಿಟಾರನ್ನು ತೂಗುಹಾಕಿ ನಿಲ್ಲುವ ಅವರ ವೇಷವನ್ನು ಕಂಡು ಇದು ಜಾನಪದವೆಂದು ಬಗೆದವರು ಬಹುಮಂದಿ. ಈ ಹೆಸರನ್ನು ಮೊದಲು ಪರೀಕ್ಷಿಸಬೇಕು.

ಸಂಪುಟದಲ್ಲಿರುವ ಕನ್ನಡಗೀತಗಳ ಮಾತು ಶಿಶುವಿನಾಳದ ಶರೀಫಸಾಹೇಬರದು. ಶರೀಫರು 1819ರಲ್ಲಿ ಜನಿಸಿ 1889ರಲ್ಲಿ ದೇಹವಿಟ್ಟವರು, ಕಳಸದ ಗೋವಿಂದಭಟ್ಟರ ಶಿಷ್ಯರು, ಪದಗಳಿಗೆ ಅಂಕಿತವನ್ನಿಟ್ಟವರು. ಗುರುವೂ ಕಾಲವೂ ಅಂಕಿತವೂ ತಿಳಿದಿರುವ ಕವಿಯ ಕೃತಿಯನ್ನು ಜಾನಪದವೆನ್ನುವುದು ಸಡಿಲವಾದ ಮಾತು. ಇವು ತತ್ತ್ವಪದಗಳು. ಜನಪದನು ಹಾಡಿದನೆಂದ ಮಾತ್ರಕ್ಕೆ ಪದದ ಜಾತಿಯು ಬದಲಾಗುವುದಿಲ್ಲ. ಈ ಭೇದವು ಕೇವಲ ಹೆಸರಿನದಲ್ಲ. ತತ್ತ್ವಪದದಲ್ಲಿ ಒಂದು ಅರ್ಥವು ಹೊರಗೂ ಮತ್ತೊಂದು ಅರ್ಥವು ಒಳಗೂ ಇರುವುದರಿಂದ ಮಾತು ಕೇಳುಗನ ಮನಸ್ಸಿನಲ್ಲಿ ತಂಗುವುದಕ್ಕೆ ಕಾಲವನ್ನು ಬೇಡುತ್ತದೆ. ಕುಣಿತದ ಹಾಡಿಗೆ ಈ ಬೇಡಿಕೆಯಿಲ್ಲ.

ಈ ಕಾಲವನ್ನು ಕೊಡುವುದು ಹೇಗೆಂಬುದನ್ನು ತಿಳಿಯಲು ದೀಕ್ಷಿತರ ಊರಿನಿಂದ ದೂರ ಹೋಗಬೇಕಾಗಿಲ್ಲ. ಮೈಸೂರಿನಿಂದ ಹತ್ತು ಮೈಲಿ ನಡೆದು ಕಾವೇರಿಯನ್ನು ದಾಟಿದರೆ ಶ್ರೀರಂಗಪಟ್ಟಣ. ಅದರ ಆಚೆಗೆ ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲ. ಗೇಯದ ಬಯಕೆಯು ಈ ಸೀಮೆಗೆ ಹೊಸದಲ್ಲ. ಚಿಕ್ಕದೇವರಾಜ ಒಡೆಯರ ಆಳಿಕೆಯಲ್ಲಿ (1673–1704) ಶ್ರೀರಂಗಪಟ್ಟಣದ ಅರಮನೆಯಲ್ಲಿಯೇ ಗೀತಗೋಪಾಲವು ಹುಟ್ಟಿತು. ಸಂಚಿಯ ಹೊನ್ನಮ್ಮನು ಹಾಡಲು ಒದಗುವ ಸಾಂಗತ್ಯದಲ್ಲಿ ಹದಿಬದೆಯ ಧರ್ಮವನ್ನು ರಚಿಸಿದಳು. ಪಾಂಡವಪುರದ ತಾಲ್ಲೂಕಿಗೆ ಸೇರಿದ ಮೇಲುಕೋಟೆಯು ಗೀತನಾಟಕಗಳನ್ನು ಬರೆದ ಪು. ತಿ. ನರಸಿಂಹಾಚಾರ್ಯರನ್ನೂ, ಕೃಷ್ಣರಾಜಪೇಟೆಯ ಕಿಕ್ಕೇರಿಯು 1942ರ ‘ಮೈಸೂರ ಮಲ್ಲಿಗೆ’ಯ ಕವಿ ಕೆ. ಎಸ್. ನರಸಿಂಹಸ್ವಾಮಿಯವರನ್ನೂ ಕೊಟ್ಟುವು.

ಆದರೆ ಪ್ರಕೃತಕ್ಕೆ ಇವರಿಗಿಂತಲೂ ಹೆಚ್ಚು ಒದಗುವವರು ಓದುಬರಹವಿಲ್ಲದೆ ಹಾಡಿದವರು. ನಾಗಮಂಗಲದ ಸೀಮೆಯಲ್ಲಿ, ಭೈರವನ ಕ್ಷೇತ್ರವಾದ ಆದಿಚುಂಚನಗಿರಿಯ ಸುತ್ತಿನಲ್ಲಿ, ಕಿನ್ನರಿಜೋಗಿಗಳ ಹಾಡಿಕೆಯಿದ್ದಿತು. ಬಿದಿರಿನ ದಂಡಿಗೆ ಸೋರೆಬುರುಡೆಗಳನ್ನು ಕಟ್ಟಿ ತಂತಿಯೆಳೆದ ಕಿನ್ನರಿಯು ಶಾರ್ಙ್ಗದೇವನ ಕಾಲಕ್ಕೇ ಶಾಸ್ತ್ರದಲ್ಲಿ ಲಕ್ಷಣವನ್ನು ಪಡೆದ ವಾದ್ಯ. ಜೋಗಿಯು ಅದನ್ನು ನುಡಿಸುವಾಗ ತಂತಿಯು ಕಂಠದ ಸಾಲನ್ನೇ ಹಿಂಬಾಲಿಸುವುದು. ಕಂಠದ ಮುಂದೆ ಹೋಗದು. ಮಂಡ್ಯ–ಮೈಸೂರು ಸೀಮೆಯ ನೀಲಗಾರರು ಮಂಟೇಸ್ವಾಮಿಯ ಕಥೆಯನ್ನು ಹಾಡುವಾಗ ಮುಖ್ಯಗಾಯಕನ ಹೆಗಲಮೇಲೆ ತಂಬೂರಿ, ಕೈಯಲ್ಲಿ ಗಗ್ಗರ. ಸಹಾಯಕರಲ್ಲಿ ಡಕ್ಕೆ, ತಾಳ. ಕಥೆಯು ಎಲ್ಲಿಗೆ ಹರಿದರೂ ತಂಬೂರಿಯ ಶ್ರುತಿಯು ಕದಲದು. ನಾಗಮಂಗಲ ತಾಲ್ಲೂಕಿನವರೇ ಆದ ಜಾನಪದ ವಿದ್ವಾಂಸ ಜೀ. ಶಂ. ಪರಮಶಿವಯ್ಯನವರು ಇಂತಹ ಗಾಯಕರನ್ನು ಹುಡುಕಿಕೊಂಡು ಹೋಗಿ ಅವರ ಕಾವ್ಯಗಳನ್ನು ಬರಹಕ್ಕಿಳಿಸಿದ್ದರಿಂದಲೇ ಈ ಹಾಡಿಕೆಯ ವಿಚಾರವನ್ನು ಇಂದು ಪ್ರಮಾಣಸಹಿತವಾಗಿ ಮಾತನಾಡುವುದು ಸಾಧ್ಯವಾಗಿದೆ.

ಗಿಟಾರಿನ ಸ್ವಭಾವವು ಇದಕ್ಕೆ ವಿರುದ್ಧವಾದುದು. ಆರು ತಂತಿಗಳನ್ನು ಒಮ್ಮೆಗೇ ಮೀಟಿ ಹುಟ್ಟಿಸುವ ಸ್ವರಗುಚ್ಛವೇ ಅದರ ಬಲ. ಗುಚ್ಛವು ಮತ್ತೊಂದು ಗುಚ್ಛಕ್ಕೆ ಸಾಗುತ್ತಲೇ ಇರುವುದು ಅದರ ನಡೆ. ತಂಬೂರಿಯಲ್ಲಿ ನೆಲವು ನಿಂತಿದ್ದು ಹಾಡುವವನು ನಡೆಯುತ್ತಾನೆ; ಗಿಟಾರಿನಲ್ಲಿ ಹಾಡುವವನು ನಿಂತರೂ ನೆಲವು ಸರಿಯುತ್ತದೆ. ಇದು ದೋಷವಲ್ಲ, ಆ ವಾದ್ಯದ ಧರ್ಮ. ತತ್ತ್ವಪದವನ್ನು ಅದರ ಮೇಲೆ ಹಾಡುವವನು ಈ ಸರಿಯುವಿಕೆಗೆ ಏನು ಮಾಡುತ್ತಾನೆಂಬುದೇ ಪರೀಕ್ಷೆ.

ಗುಡುಗುಡಿಯ ಪದದಲ್ಲಿ ದೀಕ್ಷಿತರು ಈ ಪರೀಕ್ಷೆಯಲ್ಲಿ ಅರ್ಧ ಗೆದ್ದಿರುವರು. ‘ಗುಡುಗುಡಿ’ ಎಂಬುದು ನೀರಿನೊಳಗೆ ಹೊಗೆಯು ಹಾಯುವ ಸದ್ದಿನಿಂದಲೇ ಹುಟ್ಟಿದ ಅನುಕರಣಶಬ್ದ. ಬೆರಳುಗಳು ತಂತಿಯ ಮೇಲೆ ಚುರುಕಾಗಿ ಆಡಿದಾಗ ಆ ಸದ್ದು ಧಾತುವಿನಲ್ಲಿಯೂ ಮೂಡುವುದು ಸಹಜವಾಗಿಯೇ ಇದೆ. ಕವಿಯು ಬಯಸಿದ ವಿನೋದವು ಹೀಗೆ ಉಳಿಯಿತು. ಆದರೆ ಪದದ ಒಳಗಿನ ಅರ್ಥವೇನು? ಮನಸ್ಸೇ ಸಂಚಿ, ಮೋಹವೇ ಕೊಚ್ಚಿ ಸುಡತಕ್ಕ ವಸ್ತು, ಸೇದುವ ಕ್ರಿಯೆಯೇ ಸಾಧನೆ ಎಂಬ ರೂಪಕವು ಚರಣಗಳಲ್ಲಿ ಒಂದೊಂದಾಗಿ ಬಿಚ್ಚಿಕೊಳ್ಳುವಂತಹುದು. ತಾಳದ ಓಟವು ಹೆಚ್ಚಿ ಸಭಿಕರೆಲ್ಲ ಪಲ್ಲವಿಗೆ ದನಿಗೂಡಿಸುವ ಹೊತ್ತಿಗೆ ಚರಣಗಳು ಪಲ್ಲವಿಯಿಂದ ಪಲ್ಲವಿಗೆ ದಾಟುವ ಸಂಕಗಳಾಗುತ್ತವೆ. ಕನ್ನಡವರಿಯದ ಕೇಳುಗನು ಇದನ್ನು ಹೊಗೆಬತ್ತಿಯ ಉತ್ಸವವೆಂದು ತಿಳಿದರೆ ಅವನದು ತಪ್ಪಲ್ಲ; ಕನ್ನಡಿಗನೂ ಹಾಗೆಯೇ ತಿಳಿದರೆ ಧಾತುವೇ ಉತ್ತರ ಹೇಳಬೇಕಾಗುವುದು.

ಸೋರುವ ಮಾಳಿಗೆಯ ಪದವು ಇದಕ್ಕಿಂತ ಮೇಲು. ಇಡೀ ಸಂಪುಟಕ್ಕೇ ಮೇಲೆಂದರೂ ಸಲ್ಲುವುದು. ಇಲ್ಲಿ ಮನೆಯೆಂಬುದು ದೇಹ, ಸೋರಿಕೆಯೆಂಬುದು ಅಜ್ಞಾನ. ಶರೀಫರು ಈ ಸಮೀಕರಣವನ್ನು ಹೇಳಿ ಸುಮ್ಮನಾಗದೆ ತೊಲೆ, ಜಂತಿ, ಹುಲ್ಲು, ಇರುವೆ, ಮಣ್ಣು ಎಂದು ಮನೆಯ ಒಂದೊಂದು ಅಂಗವನ್ನೂ ತೋರಿಸುತ್ತ ಹೋಗುವರು. ಕೇಳುಗನು ಒಂದನ್ನು ಕಾಣದೆ ಮುಂದಿನದಕ್ಕೆ ಹೋಗಲಾಗದು. ದೀಕ್ಷಿತರು ಇಲ್ಲಿ ವಿಲಂಬವನ್ನು ಹಿಡಿದಿರುವುದರಿಂದ ಕಾಣುವುದಕ್ಕೆ ಬಿಡುವು ದೊರೆಯುತ್ತದೆ. ಗಿಟಾರು ತಂಬೂರಿಯ ಕೆಲಸವನ್ನು ಮಾಡಲು ಒಪ್ಪುತ್ತದೆ. ಇನ್ನೊಂದು ಗುಣವನ್ನೂ ಹೇಳಬೇಕು. ಮೈಸೂರಿನ ನಾಲಗೆಗೆ ‘ಮನೆ’, ‘ಮಾಳಿಗೆ’ ಎಂಬ ಎಕಾರಾಂತವೇ ರೂಢಿಯಾದರೂ ಗಾಯಕರು ‘ಮನಿ’, ‘ಮಾಳಿಗಿ’ ಎಂಬ ಧಾರವಾಡ ಸೀಮೆಯ ಇಕಾರಾಂತವನ್ನು ಬಿಡದೆ ಕಾಪಾಡಿರುವರು. ಉಚ್ಚಾರವನ್ನು ತಿದ್ದಿ ‘ಶಿಷ್ಟ’ಗೊಳಿಸುವ ಚಪಲವನ್ನು ಜಯಿಸಿದ್ದು ಸಣ್ಣ ಸಂಗತಿಯಲ್ಲ.

ಇಷ್ಟಾದರೂ ಹೆಂಚಿನ ಮನೆಗಳ ನಾಡಿನಲ್ಲಿ ಬೆಳೆದ ಕೃಷ್ಣರಾಜಪೇಟೆಯ ಕೇಳುಗನಿಗೆ ಈ ಮಾಳಿಗೆಯು ಪೂರ್ತಿಯಾಗಿ ಒದಗುವುದೆಂದು ಹೇಳಲಾಗದು. ಉತ್ತರದ ಮಾಳಿಗೆಯೆಂದರೆ ತೊಲೆಜಂತಿಗಳ ಮೇಲೆ ಮಣ್ಣು ಹಾಸಿದ ಸಮತಟ್ಟಾದ ಮಾಡು. ಹೆಂಚು ಒಡೆದರೆ ಸೋರುವುದು ಒಂದು ಕಡೆ, ಹೆಂಚನ್ನು ಬದಲಾಯಿಸಿದರೆ ಮುಗಿಯಿತು. ಮಣ್ಣಿನ ಮಾಡನ್ನಾದರೋ ಮಳೆಗಾಲಕ್ಕೆ ಮುಂಚೆ ಮೇಲಕ್ಕೆ ಹತ್ತಿ ನೋಡಿಕೊಳ್ಳುವವರಿಲ್ಲದಿದ್ದರೆ ಎಲ್ಲಿಂದ ಸೋರುವುದೆಂದೇ ತಿಳಿಯದು. ಅಜ್ಞಾನಕ್ಕೆ ಶರೀಫರು ಈ ಮಾಡನ್ನೇ ಆರಿಸಿದುದರ ಔಚಿತ್ಯವು ಇಲ್ಲಿದೆ. 1990ರ ಚಲನಚಿತ್ರದ ಮೂಲಕ ಸಿ. ಅಶ್ವತ್ಥರ ತುಂಬುಕಂಠವು ಶರೀಫರ ಪದಗಳನ್ನು ದಕ್ಷಿಣದ ಮನೆಮನೆಗೆ ಮುಟ್ಟಿಸಿದ್ದಿತು. ಅಶ್ವತ್ಥರಲ್ಲಿ ಅದು ರಂಗಭೂಮಿಯ ಘೋಷ, ದೀಕ್ಷಿತರಲ್ಲಿ ಒಬ್ಬಂಟಿಗನ ಚಿಂತೆ. ಎರಡನೆಯದು ಮಾತಿಗೆ ಹೆಚ್ಚು ಹತ್ತಿರ.

ಹಿಂದಿ ಮತ್ತು ಇಂಗ್ಲಿಷ್ ಗೀತಗಳನ್ನು ಕುರಿತು ಇಲ್ಲಿ ವಿಸ್ತರಿಸಬೇಕಾಗಿಲ್ಲ. ಅವು ಕಿವಿಗೆ ಹಿತವಾದುವು. ಮೈಸೂರಿನಿಂದ ಬಂದವಳೊಬ್ಬಳ ಹಾಡು ಉಲ್ಲಾಸಕರವಾಗಿದ್ದರೂ ಅದರಲ್ಲಿ ಮೈಸೂರಿನ ಹೆಸರಿರುವಷ್ಟು ಮೈಸೂರಿನ ಮಣ್ಣಿಲ್ಲ.

ಈ ಮಾತು ದೀಕ್ಷಿತರ ವಿಷಯದಲ್ಲಿ ಎತ್ತಬೇಕಾದ ಮುಖ್ಯವಾದ ಆಕ್ಷೇಪಕ್ಕೆ ದಾರಿಯಾಗುತ್ತದೆ. ಅವರು ಮಾತನ್ನರಸಿ ತುಂಗಭದ್ರೆಯ ಆಚೆಗೆ ಹೋದರು. 2013ರ ‘ಜಗ್ ಚಂಗಾ’ ಸಂಪುಟದಲ್ಲಿಯೂ ಶರೀಫರಲ್ಲಿಗೇ ಮರಳಿದರು. ಮನೆಯ ಬಾಗಿಲಲ್ಲೇ ಇದ್ದ ಕಾವೇರಿಯನ್ನು ದಾಟಿದ್ದರೆ ದೊರೆಯುತ್ತಿದ್ದ ಜೋಗಿಯ ಕಥನವೂ ನೀಲಗಾರನ ಮಂಟೇಸ್ವಾಮಿಯೂ ಈ ಎರಡು ಸಂಪುಟಗಳಲ್ಲಿ ಇಲ್ಲ. ಶರೀಫರ ಪದವು ಚಿಕ್ಕದು, ನಾಲ್ಕು ನಿಮಿಷದ ಮುದ್ರಿಕೆಯಲ್ಲಿ ಅಡಗುವುದು. ನೀಲಗಾರನ ಕಥೆಯು ರಾತ್ರಿಯೆಲ್ಲಾ ನಡೆಯುವುದು. ಕಾರಣವು ಇದಾಗಿದ್ದರೆ ಅಲ್ಲಿ ಆಯ್ಕೆ ಮಾಡಿದ್ದು ಗಾಯಕರಲ್ಲ, ಮುದ್ರಿಕೆಯ ಅಳತೆ.

ಅನ್ಯದೇಶೀಯವಾದ ನಡೆಯನ್ನು ಕನ್ನಡಕ್ಕೆ ತರುವುದು ಆಗದೆಂದು ಇಲ್ಲಿ ವಾದಿಸುತ್ತಿಲ್ಲ. ಹಾಗೆ ತಂದವರ ಮನೆತನದ ಊರು ಈ ಸೀಮೆಯಲ್ಲಿಯೇ, ನಾಗಮಂಗಲ ತಾಲ್ಲೂಕಿನ ಬೆಳ್ಳೂರಿನಲ್ಲಿದೆ. ಬಿ. ಎಂ. ಶ್ರೀಕಂಠಯ್ಯನವರು 1926ರಲ್ಲಿ ‘ಇಂಗ್ಲಿಷ್ ಗೀತಗಳು’ ಎಂಬ ಸಂಕಲನವನ್ನು ಪ್ರಕಟಿಸಿದಾಗ ಆಂಗ್ಲಕವಿಗಳ ಭಾವವನ್ನು ತಂದರೇ ಹೊರತು ಅವರ ಛಂದಸ್ಸಿಗೆ ಕನ್ನಡವನ್ನು ಕಟ್ಟಿಹಾಕಲಿಲ್ಲ. ಕನ್ನಡದ ಮಾತ್ರಾಗಣಗಳನ್ನೇ ಹೊಸ ರೀತಿಯಲ್ಲಿ ಜೋಡಿಸಿ ಅದಕ್ಕೆ ನಡೆಯನ್ನು ಕಲಿಸಿದರು. ಮಾಳಿಗೆಯ ಪದದಲ್ಲಿ ದೀಕ್ಷಿತರ ಗಿಟಾರು ಕಲಿತಿರುವುದು ಈ ಪಾಠವನ್ನೇ. ಗುಡುಗುಡಿಯ ಪದದಲ್ಲಿ ಅದು ಇನ್ನೂ ಕನ್ನಡಕ್ಕೆ ತನ್ನ ಪಾಠವನ್ನು ಹೇಳುತ್ತಿದೆ.