ಸಾಸಿನ ಕೆಳಗೊಂದು ಏಡಿ

ಒಲೆಗೆ ಹೋಗುವ ಮೊದಲು ಏಡಿಯನ್ನು ನಮ್ಮ ಮೇಜಿಗೆ ತಂದು ತೋರಿಸಿದರು. ಹುರಿಯಲ್ಲಿ ಮುಂಗಾಲು ಬಿಗಿದು ಕಟ್ಟಿದ್ದ ಹಸಿರುಗಪ್ಪು ಕೆಸರೇಡಿ, ಮುಕ್ಕಾಲು ಕಿಲೋ ತೂಕದ್ದು. ಕಣ್ಣು ಅಲ್ಲಾಡುತ್ತಿತ್ತು, ಬಾಯಲ್ಲಿ ನೊರೆ ಬರುತ್ತಿತ್ತು. ಎದುರಿಗೆ ಕೂತಿದ್ದ ಕಲಬುರಗಿಯ ಗೆಳೆಯರು ಕುರ್ಚಿಯನ್ನು ಒಂದು ಗೇಣು ಹಿಂದಕ್ಕೆ ಸರಿಸಿ, "ಜೀವಂತ ಅದರೀ ಇದು!" ಅಂದರು. ಅವರು ಬೆದರಿದ್ದು ಯಾವುದಕ್ಕೋ ನನಗೆ ಸಮಾಧಾನವಾದದ್ದೂ ಅದಕ್ಕೇ. ಸತ್ತ ಮೀನನ್ನು ಮಂಜುಗಡ್ಡೆಯಲ್ಲಿಟ್ಟು ದೂರದೂರಿಗೆ ಒಯ್ಯಬಹುದು. ಸತ್ತ ಏಡಿಯ ಮಾಂಸ ಮಾತ್ರ ಬಹಳ ಬೇಗ ಮೆತ್ತಗಾಗಿ ಕೆಡುತ್ತದೆ. ಆದ್ದರಿಂದ ಏಡಿಯ ಹೋಟೆಲನ್ನು ಅಳೆಯುವಾಗ ನಾನು ಮೊದಲು ಕೇಳುವುದು ಒಂದೇ ಪ್ರಶ್ನೆ: ಅಡುಗೆಮನೆಯ ಬಾಗಿಲು ದಾಟುವಾಗ ಅದಕ್ಕೆ ಜೀವ ಇತ್ತೋ ಇಲ್ಲವೋ?

ಇದು ನಡೆದದ್ದು ಹೈದರಾಬಾದಿನ ಮಾದಾಪುರದಲ್ಲಿ. 1998ರಲ್ಲಿ ಸೈಬರ್ ಟವರ್ಸ್ ಉದ್ಘಾಟನೆಯಾದ ಮೇಲೆ ಬಂಡೆಗಳ ನಡುವಿನ ಈ ಊರು ಕಂಪನಿಗಳ ಊರಾಯಿತು. 2020ರಲ್ಲಿ ದುರ್ಗಂ ಚೆರುವಿನ ಮೇಲೆ ಕೇಬಲ್ ಸೇತುವೆ ಬಂದ ಮೇಲೆ ಸಂಜೆಯ ಜನವೆಲ್ಲ ಈ ಕಡೆಗೇ ಹರಿಯತೊಡಗಿತು. ಆ ಜನ ಹಸಿದು ಬರುವ ಬೀದಿಗಳಲ್ಲಿ ಬಿರಿಯಾನಿಯ ಪಕ್ಕದಲ್ಲೇ ಚೈನೀಸ್ ಸೀಫುಡ್ ಹೋಟೆಲುಗಳಿವೆ. ಬಿಳಿ ಮೇಜುಬಟ್ಟೆಯ ಗಾಂಭೀರ್ಯವಿಲ್ಲದ, ನಾಲ್ಕು ಜನ ಜೋರಾಗಿ ಮಾತಾಡುತ್ತ ತಿನ್ನಬಹುದಾದ ಜಾಗಗಳು. ಇಂಥ ನಾಲ್ಕೈದು ಕಡೆ ನಾನು ಏಡಿ ತಿಂದಿದ್ದೇನೆ. ಯಾವ ಹೋಟೆಲು ಎಂದು ಹೇಳುವುದು ಇಲ್ಲಿ ಮುಖ್ಯವಲ್ಲ. ಅವೆಲ್ಲ ಸೇರಿ ಬೆಳೆಸಿರುವ ಒಂದು ರೂಢಿಯನ್ನು ತೂಗಿ ನೋಡಬೇಕೆಂದು ಇದನ್ನು ಬರೆಯುತ್ತಿದ್ದೇನೆ.

ನನ್ನ ತಕ್ಕಡಿ ಕುಂದಾಪುರದ್ದು. ಪಂಚಗಂಗಾವಳಿಯ ಹಿನ್ನೀರಿನ ದಡದಲ್ಲಿ ಏಡಿ ತಿಂದು ಬೆಳೆದವನು ನಾನು. ಏಡಿಯ ಮಾಂಸದಲ್ಲಿ ಸಣ್ಣದೊಂದು ಸಿಹಿ ಇರುತ್ತದೆ, ಮೀನಿನಲ್ಲಿ ಇಲ್ಲದ, ಸಿಗಡಿಯಲ್ಲಿ ಅರ್ಧ ಇರುವ ಸಿಹಿ. ಆ ಸಿಹಿ ನಾಲಗೆಗೆ ಸಿಕ್ಕಿದರೆ ಅಡುಗೆ ಗೆದ್ದಿತು, ಸಿಗದಿದ್ದರೆ ಮಿಕ್ಕದ್ದೆಲ್ಲ ಅಲಂಕಾರ.

ಈ ಅಳತೆಯಲ್ಲಿ ಮಾದಾಪುರದ ಚಿಲ್ಲಿ ಕ್ರ್ಯಾಬ್ ಸೋಲುತ್ತದೆ. ಒಂದೆರಡು ಕಡೆಯಲ್ಲ, ನಾನು ತಿಂದ ಹೆಚ್ಚಿನ ಕಡೆ ಸೋತಿದೆ. ತಟ್ಟೆ ಬರುವಾಗ ಕೆಂಪಗೆ ಹೊಳೆಯುತ್ತದೆ. ಕಾರ್ನ್‌ಫ್ಲೋರ್ ಹಾಕಿ ಮಂದ ಮಾಡಿದ ಸಾಸು, ಸೋಯಾ, ಟೊಮೆಟೊ ಕೆಚಪ್, ಸಕ್ಕರೆ, ವಿನೆಗರ್. ಅದರ ಅಡಿಯಲ್ಲಿ ಏಡಿಯನ್ನು ಹುಡುಕಬೇಕು. ಅದೇ ಸಾಸಿನಲ್ಲಿ ಹೂಕೋಸು ಮುಳುಗಿಸಿದರೂ ರುಚಿ ಹೆಚ್ಚೇನೂ ಬದಲಾಗದು, ನನ್ನ ಆಕ್ಷೇಪವೇ ಅದು. ಈ ಸಾಸಿನ ವಂಶ ನಮಗೆ ಗೊತ್ತಿದೆ. 1975ರಲ್ಲಿ ಮುಂಬಯಿಯ ಕ್ರಿಕೆಟ್ ಕ್ಲಬ್ ಆಫ್ ಇಂಡಿಯಾದಲ್ಲಿ ನೆಲ್ಸನ್ ವಾಂಗ್ ಅವರು ಚಿಕನ್ ಮಂಚೂರಿಯನ್ ಮಾಡಿದರು ಎನ್ನುತ್ತಾರಲ್ಲ, ಆ ಮನೆತನದ್ದು. ಕೋಳಿಗೆ, ಹೂಕೋಸಿಗೆ ಅದು ಸಲ್ಲುತ್ತದೆ, ಯಾಕೆಂದರೆ ಅವು ರುಚಿಯನ್ನು ಹೊರಗಿನಿಂದ ಎಳೆದುಕೊಳ್ಳುವ ವಸ್ತುಗಳು. ಏಡಿ ತನ್ನ ರುಚಿಯನ್ನು ಚಿಪ್ಪಿನೊಳಗೆ ತಾನೇ ತಂದಿರುತ್ತದೆ.

ಸಿಂಗಪುರದ ಮೂಲ ಚಿಲ್ಲಿ ಕ್ರ್ಯಾಬ್ ಕೂಡ ಸಾಸಿನ ಅಡುಗೆಯೇ ಅಲ್ಲವೇ ಎಂದು ಕೇಳಬಹುದು. ನಿಜ. 1950ರ ದಶಕದಲ್ಲಿ ಚೆರ್ ಯಾಮ್ ತಿಯಾನ್ ಎಂಬ ಗೃಹಿಣಿ ಗಂಡನ ಜೊತೆ ಕಲ್ಲಾಂಗ್ ನದಿಯ ಬಳಿ ತಳ್ಳುಗಾಡಿಯಲ್ಲಿ ಮಾರತೊಡಗಿದ್ದು ಟೊಮೆಟೊ ಮತ್ತು ಮೆಣಸಿನಕಾಯಿಯ ಸಾಸಿನಲ್ಲಿ ಬೇಯಿಸಿದ ಏಡಿಯನ್ನೇ. ಮುಂದೆ ಬೇರೆ ಅಡುಗೆಯವರು ಅದಕ್ಕೆ ಮೊಟ್ಟೆ ಒಡೆದು ಹಾಕಿ ನಯ ತಂದರು. ಆದರೆ ಆ ಸಾಸಿನಲ್ಲಿ ಏಡಿಯ ರಸವೂ ಚಿಪ್ಪಿನ ಘಮವೂ ಇಳಿದಿರುತ್ತವೆ. ಅದನ್ನು ಮೆತ್ತನೆಯ ಬನ್ನಿನಲ್ಲಿ ಅದ್ದಿ ತಿನ್ನುತ್ತಾರೆ. ಮಾದಾಪುರದಲ್ಲಿ ಸಾಸು ಬೇರೆಯಾಗಿ ಕುದಿಯುತ್ತದೆ, ಏಡಿಯನ್ನು ಬೇರೆಯಾಗಿ ಕರಿಯುತ್ತಾರೆ, ಇಬ್ಬರ ಭೇಟಿ ಕೊನೆಯ ಅರ್ಧ ನಿಮಿಷದಲ್ಲಿ. ಜೊತೆಗೆ ಬರುವುದು ಫ್ರೈಡ್ ರೈಸ್, ತನ್ನದೇ ಸೋಯಾ ಮತ್ತು ಉಪ್ಪು ಹೊತ್ತುಕೊಂಡು. ಒಂದು ಬಟ್ಟಲು ಬಿಳಿ ಅನ್ನ ಕೇಳಿ ನೋಡಿ, ಊಟದ ರುಚಿ ಅರ್ಧಕ್ಕರ್ಧ ಸುಧಾರಿಸುತ್ತದೆ.

ಶುಂಠಿ ಮತ್ತು ಈರುಳ್ಳಿಸೊಪ್ಪಿನ ಏಡಿಯ ಮಾತೇ ಬೇರೆ. ಅಂದು ನಾವು ಹೇಳಿದ್ದು ಅದನ್ನು. ಇದು ಕ್ಯಾಂಟನ್ ಕಡೆಯ ಪದ್ಧತಿ. ಏಡಿಯನ್ನು ಚಿಪ್ಪಿನ ಸಮೇತ ತುಂಡು ಮಾಡುತ್ತಾರೆ. ಕತ್ತಿ ತಾಗಿ ಮಾಂಸ ತೆರೆದುಕೊಂಡ ಕಡೆಗೆ ಮಾತ್ರ ಹಿಟ್ಟು ಸವರುತ್ತಾರೆ. ಚೆನ್ನಾಗಿ ಕಾದ ಎಣ್ಣೆಯಲ್ಲಿ ಒಂದು ಗಳಿಗೆ ಬಿಟ್ಟಾಗ ಆ ಹಿಟ್ಟು ಬಾಗಿಲು ಹಾಕಿದ ಹಾಗೆ ರಸವನ್ನು ಒಳಗೇ ತಡೆಯುತ್ತದೆ. ಆಮೇಲೆ ದೊಡ್ಡ ಉರಿಯ ಮೇಲಿನ ವೋಕ್‌ನಲ್ಲಿ ಶುಂಠಿ, ಈರುಳ್ಳಿಸೊಪ್ಪು, ತುಸು ಸೋಯಾ. ಇಷ್ಟೇ. ಇಲ್ಲಿ ಹಿಟ್ಟಿನ ಕೆಲಸ ಕಾಯುವುದು. ಅದೇ ಹಿಟ್ಟು ಚಿಲ್ಲಿ ಕ್ರ್ಯಾಬಿನಲ್ಲಿ ಏಡಿಯನ್ನು ಮುಚ್ಚಿಬಿಡುತ್ತದೆ. ಅಂದಿನ ತಟ್ಟೆಯಲ್ಲಿ ಮುಂಗಾಲು ಒಡೆದಾಗ ಮಾಂಸ ಎಳೆಯೆಳೆಯಾಗಿ, ಇಡಿಯಾಗಿ ಕಳಚಿ ಬಂತು. ಮೊದಲು ಶುಂಠಿಯ ಖಾರ ತಾಗಿತು, ಅದರ ಹಿಂದೆಯೇ ಆ ಸಣ್ಣ ಸಿಹಿ. ಸಮುದ್ರದಿಂದ ನೂರಾರು ಕಿಲೋಮೀಟರ್ ದೂರದಲ್ಲಿ ಕೂತು ಅದನ್ನು ಗುರುತಿಸಿದಾಗ ನನ್ನ ಕಣ್ಣು ಸ್ವಲ್ಪ ಒದ್ದೆಯಾಯಿತು. ಶುಂಠಿಯಿಂದ ಅಲ್ಲ.

ಚೀನದವರ ಲೆಕ್ಕದಲ್ಲಿ ಏಡಿ ತಂಪು ಪದಾರ್ಥ. ಅದಕ್ಕೇ ಅವರು ಶುಂಠಿಯನ್ನು ಬಿಡುವುದಿಲ್ಲ, ಬಿಸಿ ಮಾಡಿದ ಮದ್ಯವನ್ನೂ ಜೊತೆಗಿಟ್ಟುಕೊಳ್ಳುತ್ತಾರೆ. ನಮ್ಮಲ್ಲಿ ಏಡಿ ಉಷ್ಣ. ಮಲೆನಾಡಿನಲ್ಲಿ ಮಳೆಗಾಲದ ಶೀತಕ್ಕೆ ಗದ್ದೆಯೇಡಿಯನ್ನು ಕುಟ್ಟಿ, ಸೋಸಿ, ಮೆಣಸು ಹಾಕಿ ಸಾರು ಮಾಡುತ್ತಾರೆ. ಮೈಸೂರು ಸೀಮೆಯ ನಳ್ಳಿ ಸಾರಿಗೂ ಇದೇ ನಂಬಿಕೆಯ ಬೆಂಬಲ. ತಂಪು ಅಂದವರಿಗೂ ಉಷ್ಣ ಅಂದವರಿಗೂ ಬೇಕಾದದ್ದು ಒಂದೇ ಖಾರ, ಶುಂಠಿಯದ್ದೋ ಮೆಣಸಿನದ್ದೋ. ಒಣಮೆಣಸಿನಕಾಯಿಯ ಉರಿಗಿಂತ ಈ ಬಗೆಯ ಖಾರ ಏಡಿಗೆ ಒಗ್ಗುತ್ತದೆ ಎಂಬುದನ್ನು ಎರಡು ದೇಶಗಳ ಅಜ್ಜಿಯರು ಬೇರೆ ಬೇರೆಯಾಗಿ ಕಂಡುಕೊಂಡರು ಎಂದು ನನಗೆ ಅನ್ನಿಸುತ್ತದೆ.

ಮೆಣಸಿನ ಮಾತು ಬಂದಾಗ ಬೆಣ್ಣೆ, ಬೆಳ್ಳುಳ್ಳಿ, ಕರಿಮೆಣಸಿನ ಏಡಿಯನ್ನು ನೆನೆಯಬೇಕು. ಮಾದಾಪುರದ ಚೈನೀಸ್ ಪಟ್ಟಿಗಳಲ್ಲಿ ಅದೂ ಜಾಗ ಪಡೆದಿದೆ, ಆದರೆ ಅದು ಚೀನದಿಂದ ಬಂದದ್ದಲ್ಲ. ಅದರ ಕೀರ್ತಿ ಮುಂಬಯಿಯ ಕಾಲಾ ಘೋಡಾದಲ್ಲಿರುವ ತೃಷ್ಣಾ ಹೋಟೆಲಿನದು. ಅಲ್ಲಿನ ಫೋರ್ಟ್ ಪ್ರದೇಶದ ಕಚೇರಿಗಳ ನಡುವೆ ಮಂಗಳೂರು ಕಡೆಯವರು ನಡೆಸಿದ ಊಟದ ಮನೆಗಳ ಪರಂಪರೆಯಿಂದ ಬಂದ ತಿನಿಸು ಅದು. ನಮ್ಮವರು ಊರಿನ ತೆಂಗಿನಕಾಯಿ, ಹುಣಸೆ, ಬ್ಯಾಡಗಿಯನ್ನೆಲ್ಲ ಬದಿಗಿಟ್ಟು, ಕುಟ್ಟಿದ ಮೆಣಸನ್ನೂ ಬೆಳ್ಳುಳ್ಳಿಯನ್ನೂ ಬೆಣ್ಣೆಯಲ್ಲಿ ಬಾಡಿಸಿ ಏಡಿಗೆ ಹಚ್ಚಿದರು. ವೋಕ್ ಹಿಡಿಯದೆಯೇ ಚೀನೀ ಅಡುಗೆಯ ಒಂದು ಗುಟ್ಟು ಅವರ ಕೈಗೆ ಸಿಕ್ಕಿತ್ತು. ಮೆಣಸಿನ ರಾಣಿ ಎಂದು ಪೋರ್ಚುಗೀಸರು ಕರೆದ ಗೇರುಸೊಪ್ಪೆಯ ಚೆನ್ನಭೈರಾದೇವಿಯ ನಾಡಿನವರಿಗೆ ಈ ಜೋಡಿ ಹೊಳೆದದ್ದು ಸಹಜವೇ. ಮಾದಾಪುರದಲ್ಲಿ ಇದನ್ನು ಮಾಡುವವರು ಬೆಣ್ಣೆಯಲ್ಲಿ ಧಾರಾಳಿಗಳು, ಮೆಣಸಿನಲ್ಲಿ ಜಿಪುಣರು. ಮೆಣಸನ್ನು ಆಗಲೇ ಕುಟ್ಟಬೇಕು, ತರಿತರಿಯಾಗಿರಬೇಕು. ಡಬ್ಬಿಯ ಪುಡಿ ಉದುರಿಸಿದರೆ ಬೆಣ್ಣೆ ಬರಿಯ ಜಿಡ್ಡಾಗಿ ಉಳಿಯುತ್ತದೆ.

ನಮ್ಮ ಊರಿನ ಅಡುಗೆ ದೋಷವಿಲ್ಲದ್ದು ಎಂದು ನಾನು ಹೇಳಲಾರೆ. ಅಮ್ಮಮ್ಮನ ಏಡಿ ಸುಕ್ಕದಲ್ಲಿ ಹುರಿದ ತೆಂಗಿನಕಾಯಿಯ ಮಸಾಲೆ ಎಷ್ಟಿರುತ್ತಿತ್ತೆಂದರೆ ಹೊಳೆಯ ಏಡಿಯೋ ಕಡಲಿನ ಏಡಿಯೋ ಎಂದು ಹೇಳುವುದು ಕಷ್ಟವಾಗುತ್ತಿತ್ತು. ಆದರೂ ಆ ಮಸಾಲೆ ಒರಟು. ಚಿಪ್ಪಿಗೆ ಅಂಟಿಕೊಂಡಿರುತ್ತದೆ, ನೆಕ್ಕಿ ಮುಗಿಸಿದ ಮೇಲೆ ಒಳಗಿನ ಮಾಂಸ ತನ್ನ ಪಾಡಿಗೆ ತಾನಿರುತ್ತದೆ. ಮಂದ ಸಾಸು ಹಾಗಲ್ಲ, ಒಡೆದ ಪ್ರತಿ ಸಂದಿಗೂ ನುಗ್ಗುತ್ತದೆ.

ಇನ್ನು ಏಡಿ ಬರುವ ದಾರಿ. ಕೃಷ್ಣಾ ಮತ್ತು ಗೋದಾವರಿಯ ಮುಖಜ ಭೂಮಿ ಕೆಸರೇಡಿಗೆ ಹೇಳಿ ಮಾಡಿಸಿದ ನೆಲ. ನಾಗಾಯಲಂಕದ ಸುತ್ತ ರೈತರು ಕೊಳಗಳಲ್ಲಿ ಅದನ್ನು ಸಾಕುತ್ತಾರೆ. ಏಡಿ ಚಿಪ್ಪು ಕಳಚಿ ಬೆಳೆಯುವ ಪ್ರಾಣಿ. ಹೊಸ ಚಿಪ್ಪು ಬಂದ ಹೊಸತರಲ್ಲಿ ಒಳಗೆ ನೀರೇ ಹೆಚ್ಚು, ಮಾಂಸ ಕಡಿಮೆ. ಅಂಥದ್ದನ್ನು ಕೆಲವು ವಾರ ಮೇಯಿಸಿ ತುಂಬಿಸಬೇಕು. ಹಾಗೆ ತುಂಬಿದ ದೊಡ್ಡ ಗಟ್ಟಿ ಏಡಿಗಳು ಜೀವಂತವಾಗಿ ಚೆನ್ನೈಗೆ ಹೋಗಿ, ಅಲ್ಲಿಂದ ವಿಮಾನದಲ್ಲಿ ಸಿಂಗಪುರ, ಚೀನಗಳಿಗೆ ಹಾರುತ್ತವೆ. ಒದ್ದೆ ಇರಿಸಿದರೆ ನೀರಿನ ಹೊರಗೂ ಕೆಲವು ದಿನ ಬದುಕುವ ಶಕ್ತಿ ಅದಕ್ಕಿರುವುದರಿಂದ ಈ ವ್ಯಾಪಾರ ನಡೆಯುತ್ತದೆ. ಚೀನದ ಮೇಜಿಗೆ ನಮ್ಮ ಏಡಿ ಹೋಗುತ್ತದೆ, ನಮ್ಮ ಮೇಜಿಗೆ ಅವರ ಹೆಸರಿನ ಸಾಸು ಬರುತ್ತದೆ. ಇದನ್ನು ನೆನೆದಾಗ ನನಗೆ ನಿಜಕ್ಕೂ ಸಂಕಟವಾಗುತ್ತದೆ. ಇಲ್ಲಿ ಉಳಿಯುವುದು ಹೆಚ್ಚಾಗಿ ಪೂರ್ತಿ ತುಂಬದ ಏಡಿ; ಏಡಿ ತೆಳ್ಳಗಿದ್ದಾಗ ಸಾಸು ಮಂದವಾಗುತ್ತದೆ. ಮಾದಾಪುರದ ಚಿಲ್ಲಿ ಕ್ರ್ಯಾಬಿನ ಸೋಲಿಗೆ ಬಾಣಸಿಗನ ಕೈಗಿಂತ ಈ ಸರಕಿನ ಕೊರತೆಯೇ ದೊಡ್ಡ ಕಾರಣ ಎಂಬುದು ನನ್ನ ಅನುಮಾನ.

ಆದ್ದರಿಂದಲೇ ತೂಕ ತೋರಿಸುವ ರೂಢಿಗೆ ಇಷ್ಟು ಬೆಲೆ ಕೊಡುತ್ತೇನೆ. ಪಟ್ಟಿಯಲ್ಲಿ ಏಡಿಯ ಮುಂದೆ ಬೆಲೆಯ ಜಾಗದಲ್ಲಿ ‘ಎಪಿಎಸ್’ ಎಂದಿರುತ್ತದೆ, ಗಾತ್ರಕ್ಕೆ ತಕ್ಕ ಬೆಲೆ ಎಂದರ್ಥ. ಗಾತ್ರವನ್ನು ಕಣ್ಣಿಗೆ ತೋರಿಸದೆ ಬೆಲೆ ಮಾತ್ರ ಬಿಲ್ಲಿನಲ್ಲಿ ತೋರಿಸುವ ಕಡೆ ಒಮ್ಮೆ ತಿಂದು ನೊಂದಿದ್ದೇನೆ. ಅಂದು ಬಂದ ತಟ್ಟೆಯಲ್ಲಿ ಎರಡು ಏಡಿಗಳ ಕಾಲುಗಳಿದ್ದವು, ಬೆನ್ನಿನ ಚಿಪ್ಪು ಒಂದೂ ಇರಲಿಲ್ಲ. ಮುಕ್ಕಾಲು ಕಿಲೋದ ಏಡಿಯಲ್ಲಿ ಕಾಲು ಕಿಲೋ ಮಾಂಸ ಸಿಕ್ಕರೆ ಅದೇ ಹೆಚ್ಚು. ಗ್ರಾಹಕ ಕೊಡುವ ಹಣದ ಬಹುಪಾಲು ಚಿಪ್ಪಿಗೆ ಹೋಗುವಾಗ ಆ ಚಿಪ್ಪನ್ನಾದರೂ ಪೂರ್ತಿ ನೋಡುವ ಹಕ್ಕು ಅವನಿಗಿದೆ.

ಈ ಹೋಟೆಲುಗಳ ಇನ್ನೊಂದು ರೂಢಿ ಬಿಡಿಸಿದ ಏಡಿ ಮಾಂಸ. ಕೈ ಕೊಳೆಯಾಗದೆ, ಅರ್ಧ ಗಂಟೆಯಲ್ಲಿ ತಿಂದು ಕಚೇರಿಗೆ ಮರಳಬೇಕಾದವರಿಗೆ ಅದು ಅನುಕೂಲ. ಆದರೆ ಏಡಿ ಅವಸರದವರ ಊಟವಲ್ಲ. ಹದಿನೇಳನೆಯ ಶತಮಾನದ ಚೀನೀ ಲೇಖಕ ಲೀ ಯೂ ಏಡಿಯ ಹುಚ್ಚಿನವನು, ಅದರ ಋತುವಿಗಾಗಿ ವರ್ಷವಿಡೀ ಹಣ ಕೂಡಿಡುತ್ತಿದ್ದವನು. ಬೇರೆ ಹಲವು ತಿನಿಸುಗಳನ್ನು ಆಳುಗಳು ಬಿಡಿಸಿ ಕೊಡಬಹುದು, ಏಡಿಯನ್ನು ತಿನ್ನುವವನೇ ಬಿಡಿಸಬೇಕು ಎಂಬುದು ಅವನ ನಿಲುವು. ಏಡಿಯನ್ನು ಇಡಿಯಾಗಿ ಹಬೆಯಲ್ಲಿ ಬೇಯಿಸಿಯೇ ತಿನ್ನಬೇಕು ಎಂದೂ ಅವನು ಬರೆದ. ಅಷ್ಟು ಕಟ್ಟುನಿಟ್ಟು ನನ್ನದಲ್ಲ. ಆದರೆ ಬಿಡಿಸುವ ಕೈಯ ವಿಚಾರದಲ್ಲಿ ನಾನು ಅವನ ಪಕ್ಷ. ಕಾಲಿನ ಗಂಟು ಎಲ್ಲಿ ಮುರಿಯಬೇಕು, ಕಿವಿರನ್ನು ಹೇಗೆ ತೆಗೆಯಬೇಕು, ಬೆನ್ನಿನ ಚಿಪ್ಪಿನ ಮೂಲೆಯ ಹಳದಿಯನ್ನು ಹೇಗೆ ಬಳಿಯಬೇಕು ಎಂಬುದೆಲ್ಲ ಬಾಯಿಗೆ ಹೋಗುವ ಮೊದಲೇ ಬೆರಳಿಗೆ ದಕ್ಕುವ ರುಚಿ.

ಕಲಬುರಗಿಯ ಗೆಳೆಯರಿಗೆ ಆ ದಿನ ಇದನ್ನು ಕಲಿಸಬೇಕಾಯಿತು. "ಎಲ್ಲಿಂದ ಸುರು ಮಾಡ್ಲಿರೀ?" ಎಂದು ಕೇಳಿದರು. ಸಣ್ಣ ಕಾಲಿನಿಂದ ಶುರು ಮಾಡಿ, ಕಚ್ಚಿ ಹೀರಿ ಎಂದೆ. ನಮ್ಮ ತೊಡಕನ್ನು ನೋಡಿ ಬಡಿಸುವವರು ಹತ್ತಿರ ಬಂದರು. ಡಾರ್ಜಿಲಿಂಗ್ ಕಡೆಯವರಂತೆ. ಇಕ್ಕುಳ ಹಿಡಿದು ಮುಂಗಾಲನ್ನು ಒಂದೇ ಏಟಿಗೆ, ಮಾಂಸ ಜಜ್ಜಿಹೋಗದ ಹಾಗೆ ಸೀಳಿ ಕೊಟ್ಟರು. ತೆಲಂಗಾಣದವರು ಇದಕ್ಕೆ ಎಂಡ್ರಕಾಯ ಅನ್ನುತ್ತಾರೆ, ಕರಾವಳಿ ಆಂಧ್ರದವರು ಪೀತ ಅನ್ನುತ್ತಾರೆ ಎಂದು ಅವರೇ ಹೇಳಿದರು. ನಮ್ಮ ಕಡೆ ತುಳುವರಿಗೆ ಡೆಂಜಿ, ಕೊಂಕಣಿಗರಿಗೆ ಕುರ್ಲಿ ಎಂದು ನಾನು ಸೇರಿಸಿದೆ. ಗೆಳೆಯರು ಯಾವುದಕ್ಕೂ ಉತ್ತರಿಸಲಿಲ್ಲ. ಅವರ ಮುಂದೆ ಖಾಲಿ ಕಾಲುಗಳ ಸಣ್ಣ ಗುಡ್ಡೆ ಎದ್ದಿತ್ತು, ಎರಡೂ ಕೈಗಳ ಬೆರಳು ಶುಂಠಿಯ ಎಣ್ಣೆಯಲ್ಲಿ ಹೊಳೆಯುತ್ತಿದ್ದವು, ಮತ್ತು ಅವರ ಫೋನು ಮೂರನೆಯ ಸಲ ರಿಂಗಾಗುತ್ತಿತ್ತು.