ಕುಂಚ ಹಿಡಿದವನು ಯಾರ ಗುಡಾರದಲ್ಲಿದ್ದ?

ರಾಬರ್ಟ್ ಹೋಮ್ ಎಂಬ ಇಂಗ್ಲಿಷ್ ಚಿತ್ರಕಾರ 1791ರಲ್ಲಿ ಮದ್ರಾಸಿಗೆ ಬಂದು, ಟಿಪ್ಪುವಿನ ಮೇಲೆ ದಂಡೆತ್ತಿ ಹೊರಟ ಕಾರ್ನ್‌ವಾಲಿಸನ ಸೈನ್ಯದ ಜೊತೆ ಸೇರಿಕೊಂಡ. ಬೆಂಗಳೂರು, ಸಾವನದುರ್ಗ, ಶಿವಗಂಗೆ, ಶ್ರೀರಂಗಪಟ್ಟಣಗಳನ್ನು ಬರೆದ. 1794ರಲ್ಲಿ ಅವು 'ಸೆಲೆಕ್ಟ್ ವ್ಯೂಸ್ ಇನ್ ಮೈಸೂರ್' ಎಂಬ ಪುಸ್ತಕವಾಗಿ ಅಚ್ಚಾದವು. ಈತನ ಕೈಚಳಕದ ಬಗ್ಗೆ ನಮ್ಮ ತಕರಾರಿಲ್ಲ. ಬಂಡೆಗಳ ನಡುವೆಯೇ ಹುಟ್ಟಿ ಬೆಳೆದ ದುರ್ಗದವರು ನಾವು. ಸಾವನದುರ್ಗದ ಬಂಡೆಯನ್ನು ಅವನು ಕಂಡ ರೀತಿಗೆ ತಲೆದೂಗುತ್ತೇವೆ. ನಮ್ಮ ತಕರಾರು ಅವನು ನಿಂತ ಜಾಗದ ಬಗ್ಗೆ.

1791ರ ಮಾರ್ಚ್ 7ರಂದು ಬೆಂಗಳೂರು ಪೇಟೆಯ ಬಾಗಿಲಲ್ಲಿ ಮೂರ್‌ಹೌಸ್ ಎಂಬ ಅಧಿಕಾರಿ ಸತ್ತ. ಹೋಮ್ ಆ ಸಾವನ್ನು ದೊಡ್ಡ ತೈಲಚಿತ್ರ ಮಾಡಿದ. ಇದು 1770ರಲ್ಲಿ ಬೆಂಜಮಿನ್ ವೆಸ್ಟ್ ಬರೆದ ಜನರಲ್ ವುಲ್ಫನ ಸಾವಿನ ಚಿತ್ರದ ವಂಶದ್ದೇ. ಸಾಯುವವನು ನಡುವೆ, ಸುತ್ತ ಅವನ ಸರೀಕರು. ಇಷ್ಟು ಸಾಲದೆ ಬೆಂಗಳೂರಿನಲ್ಲಿ ಮಡಿದ ಅಧಿಕಾರಿಗಳ ಗೋರಿಗಳನ್ನೂ ಬರೆದ. ಸರಿ, ಬರೆಯಲಿ. ಸತ್ತವರಿಗೆ ಅಳುವವರು ಬೇಕಲ್ಲ. ಆದರೆ ಆ ದಂಡಿನಲ್ಲಿ ಬಿಳಿಯರಿಗಿಂತ ಹೆಚ್ಚಿದ್ದ ನಮ್ಮ ಜನದ ಸಿಪಾಯಿಗಳು ಎಲ್ಲಿ ಬಿದ್ದರು, ಅವರ ಮೇಲೆ ಮಣ್ಣು ಹಾಕಿದವರು ಯಾರು? ಅದಕ್ಕೆ ಪುಟ ಇಲ್ಲ.

ಆ ಯುದ್ಧ ನಡೆದದ್ದು ಎತ್ತಿನ ಬೆನ್ನ ಮೇಲೆ. ಎತ್ತುಗಳು ಸತ್ತು ಬಿದ್ದ ಮೇಲೆ, ಅದೇ ಮೇ ತಿಂಗಳಲ್ಲಿ ಕಾರ್ನ್‌ವಾಲಿಸ್ ತನ್ನ ದೊಡ್ಡ ತೋಪುಗಳನ್ನು ತಾನೇ ಒಡೆದು ಶ್ರೀರಂಗಪಟ್ಟಣದ ಹತ್ತಿರದಿಂದ ವಾಪಸು ಹೋದ. ದವಸ ಹೊತ್ತು ತಂದು ದಂಡಿನ ಹೊಟ್ಟೆ ತುಂಬಿಸಿದವರು ಲಂಬಾಣಿಗಳು. ಹೊಳಲ್ಕೆರೆ, ಹೊಸದುರ್ಗ ಸೀಮೆಯ ತಾಂಡಾಗಳಿಗೆ ಹೋಗಿ ನೋಡಿ, ಅವರ ಮೊಮ್ಮಕ್ಕಳ ಮೊಮ್ಮಕ್ಕಳು ಸಿಗುತ್ತಾರೆ. ಚಿತ್ರದಲ್ಲಿ ಇಂಥವರು ಬಂದರೂ ಬೆಟ್ಟ ಎಷ್ಟು ಎತ್ತರ ಅಂತ ತೋರಿಸೋಕೆ ನಿಲ್ಲಿಸಿದ ಅಳತೆಗೋಲುಗಳು, ಅಷ್ಟೆ.

ಸುಲ್ತಾನನ ಕಡೆ ಬೇರೆ ಕಣ್ಣಿತ್ತೆ? ಶ್ರೀರಂಗಪಟ್ಟಣದ ದರಿಯಾ ದೌಲತ್‌ನ ಗೋಡೆ ಮೇಲೆ 1780ರ ಪೊಲ್ಲಿಲೂರು ಕಾಳಗ ಐತೆ. ಇಂಗ್ಲಿಷರು ಸೋತ ಚಿತ್ರ, ನೋಡೋಕೆ ಖುಷಿಯಾಗುತ್ತೆ, ಸುಳ್ಳು ಯಾಕೆ ಹೇಳಬೇಕು. ಆದರೆ ಟಿಪ್ಪು ಆನೆಯಷ್ಟು ಗತ್ತಿನಲ್ಲಿ ಗುಲಾಬಿ ಮೂಸುತ್ತಾನೆ; ಸಿಪಾಯಿಗಳು ಒಂದೇ ಅಚ್ಚಿನಲ್ಲಿ ಒತ್ತಿದ ಹಾಗೆ ಸಾಲು ಸಾಲು.

ನಮ್ಮ ಕಲ್ಲುಕುಟಿಗರು ಇವರಿಬ್ಬರಿಗಿಂತ ಎಷ್ಟೋ ಹಿಂದಿನಿಂದ ಕಾಳಗ ಬಿಡಿಸಿದವರು. ವೀರಗಲ್ಲಿನ ಕೆಳಗಿನ ಪಟ್ಟಿಯಲ್ಲಿ ದನ ಬಿಡಿಸಲು ಹೋದವನ ಕಾದಾಟ, ನಡುವೆ ಅಪ್ಸರೆಯರು ಹೊತ್ತೊಯ್ಯುವುದು, ಮೇಲೆ ಶಿವನ ಸನ್ನಿಧಿ. ಇಲ್ಲಿ ಸತ್ತವನೇ ನಾಯಕ, ಎಷ್ಟೋ ಕಲ್ಲಿನ ಮೇಲೆ ಅವನ ಹೆಸರೂ ಉಂಟು. ಹೋಮನಿಗಿಂತ ಇವರು ನಮಗೆ ಹತ್ತಿರ. ಹಾಗಂತ ಕೈಮುಗಿದು ನಿಲ್ಲುವವರಲ್ಲ ನಾವು. ಕೆಳಗಿನ ಪಟ್ಟಿ ಮಾತ್ರ ಕಂಡದ್ದು, ಮೇಲಿನ ಎರಡೂ ಒಡೆಯರು ಕೊಟ್ಟ ಭರವಸೆ. ಗಂಡ ಅಪ್ಸರೆ ಜೊತೆ ಹೋದ, ಹೆಂಡತಿ ಕೂಲಿಗೆ ಹೋದಳು. ಆ ನಾಲ್ಕನೇ ಪಟ್ಟಿಯನ್ನು ಯಾವ ಉಳಿಯೂ ಕೆತ್ತಲಿಲ್ಲ.

ಇನ್ನು ಓಬವ್ವ. ಕಾವಲಿನವನ ಹೆಂಡತಿ, ನಮ್ಮ ಛಲವಾದಿಗಳ ಮನೆಮಗಳು. 1779ರಲ್ಲಿ ಹೈದರಾಲಿಗೆ ಬಿದ್ದ ದುರ್ಗದಲ್ಲಿ ಅವಳನ್ನು ಕಂಡು ಬರೆದವರಿಲ್ಲ, ಕಿಂಡಿ ಮಾತ್ರ ಉಳಿದಿದೆ. ಇವತ್ತು ನಮ್ಮ ಕಣ್ಣಿಗೆ ಕಟ್ಟಿರುವುದು 1972ರ 'ನಾಗರಹಾವು' ಸಿನಿಮಾದ ಜಯಂತಿಯ ಮುಖ. ಕ್ಯಾಲೆಂಡರಿನವರು, ಗೋಡೆಗೆ ಬಣ್ಣ ಬಳಿಯುವವರು ಎತ್ತಿದ ಒನಕೆಯನ್ನೇ ಮತ್ತೆ ಮತ್ತೆ ಬರೆಯುತ್ತಾರೆ. ಒನಕೆ ಅವಳಿಗೆ ಆಯುಧವಾದದ್ದು ಒಂದೇ ದಿನ. ಮಿಕ್ಕ ದಿನವೆಲ್ಲ ಅದು ಕುಟ್ಟುವ ಒನಕೆ.

ಹೋಮ್ ಸಾವನದುರ್ಗ ಬರೆದ ಆ ಯುದ್ಧದಲ್ಲೇ ಕಾರ್ನ್‌ವಾಲಿಸನ ಮಿತ್ರ ಪರಶುರಾಮ ಭಾವುವಿನ ಮರಾಠಾ ದಂಡು ನಮ್ಮ ಸೀಮೆಗೆ ನುಗ್ಗಿತು. ಹಿರಿಯೂರನ್ನು ಬಳಿದುಕೊಂಡು ಹೋಯಿತು. ಬೆನ್ನಿಗೇ ಹಸಿವು ಬಂತು, ಜನ ಸತ್ತರು. 1801ರಲ್ಲಿ ಈ ದಾರಿಯಾಗಿ ಹೋದ ಬುಕಾನನ್ ಎಂಬ ಇನ್ನೊಬ್ಬ ಪರಂಗಿ ಆ ಹಾಳನ್ನು ಕಾಗದದಲ್ಲಿ ಬರೆದಿಟ್ಟ. ಹೋಮನ ಕುಂಚ ಈ ಕಡೆ ತಿರುಗಲಿಲ್ಲ. ಹತ್ತಲು ಕೋಟೆ ಇದ್ದ ಕಡೆ ಚಿತ್ರಕಾರ, ತಿನ್ನಲು ಕಾಳಿಲ್ಲದ ಕಡೆ ಯಾರೂ ಇಲ್ಲ.

ನಮ್ಮ ಪತ್ರಿಕೆಗೆ ರೇಖಾಚಿತ್ರ ಬರೆದುಕೊಡುವ ಗೆಳೆಯರನ್ನು ಕೇಳುವುದಿಷ್ಟೆ. ಎತ್ತಿದ ಒನಕೆ ನಮ್ಮಲ್ಲಿ ಬೇಕಾದಷ್ಟಿವೆ. ದಂಡು ಹೋದ ಮಾರನೇ ದಿನ ಹಿರಿಯೂರಿನ ಒಂದು ಮನೆ, ಅದರೊಳಗೆ ಬರಿದಾದ ಒರಳು: ಇದನ್ನು ಬರೆದುಕೊಡಿ, ಮುಂದಿನ ಸಂಚಿಕೆಯ ರಕ್ಷಾಪುಟಕ್ಕೆ ಹಾಕುತ್ತೇವೆ.