ಎಕ್ಸೆಲ್ ಶೀಟಿನಲ್ಲಿ ಹನಿಮೂನ್

ಹೋದ ವಾರ ಚಿಕ್ಕಮ್ಮನ ಮಗಳು ವಾಟ್ಸಾಪ್‌ನಲ್ಲಿ ಒಂದು ಎಕ್ಸೆಲ್ ಶೀಟ್ ಕಳಿಸಿದಳು. ಜೊತೆಗೆ ಒಂದೇ ಸಾಲು: ‘ಅಕ್ಕಾ, ನಮ್ಮ ಹನಿಮೂನ್ ಪ್ಲಾನ್. ತಪ್ಪಿದ್ರೆ ಹೇಳು.’

ಮದುವೆಗೆ ಇನ್ನು ಮೂರು ವಾರ. ಹುಡುಗ, ಹುಡುಗಿ ಇಬ್ಬರಿಗೂ ಇತಿಹಾಸದ ಹುಚ್ಚು. ಬಾಲಿ, ಮಾಲ್ಡೀವ್ಸ್ ಎಲ್ಲ ಬಿಟ್ಟು ಬೆಂಗಳೂರಿಂದ ಕಾರಲ್ಲಿ ಉತ್ತರ ಕರ್ನಾಟಕಕ್ಕೆ ಹೊರಟಿದ್ದಾರೆ. ‘ಹೊಸದಾಗಿ ಮದುವೆಯಾದವರು ಯಾರಾದ್ರೂ ಕಲ್ಲು ನೋಡೋಕೆ ಹೋಗ್ತಾರಾ?’ ಅಂತ ಮನೆಯ ದೊಡ್ಡವರೆಲ್ಲ ನಕ್ಕರು. ನಾನು ನಗಲಿಲ್ಲ. ಮೂರು ವರ್ಷದ ಹಿಂದೆ ನಾವಿಬ್ಬರೂ ಹೋಗಿದ್ದು ಅದೇ ದಾರಿಯಲ್ಲೇ, ಹೆಚ್ಚು ಕಡಿಮೆ ಇಂಥದ್ದೇ ಒಂದು ಶೀಟ್ ಹಿಡ್ಕೊಂಡು.

ಸಾಮಾನ್ಯವಾಗಿ ನಾನು ವಿಮರ್ಶೆ ಬರೆಯೋದು ಸಿನಿಮಾಗಳ ಬಗ್ಗೆ, ಪುಸ್ತಕಗಳ ಬಗ್ಗೆ. ಈ ಸಲ ತಂಗಿಯ ಒಪ್ಪಿಗೆ ತಗೊಂಡು ಈ ಶೀಟನ್ನೇ ವಿಮರ್ಶೆ ಮಾಡ್ತಿದ್ದೀನಿ. ಯಾಕಂದ್ರೆ ನಮ್ಮ ತಲೆಮಾರಿನವರು ಪ್ರವಾಸ ಮಾಡೋದು ಹೇಗೆ ಅನ್ನೋದು ಈ ಹದಿನೆಂಟು ಸಾಲಿನಲ್ಲಿ ಪೂರ್ತಿ ಇದೆ.

ಮೊದಲು ಕಥಾಸಾರ. ಆರು ದಿನ, ಐದು ರಾತ್ರಿ. ಮೊದಲ ದಿನ ಚಿತ್ರದುರ್ಗದ ಕೋಟೆ ನೋಡ್ಕೊಂಡು ಹೊಸಪೇಟೆ. ಎರಡನೇ ದಿನ ಹಂಪಿ. ಮೂರನೇ ದಿನ ಮಧ್ಯಾಹ್ನದವರೆಗೆ ಹಂಪಿ, ಆಮೇಲೆ ಬಾದಾಮಿಗೆ ಡ್ರೈವ್. ನಾಲ್ಕನೇ ದಿನ ಬಾದಾಮಿಯ ಗುಹೆಗಳು, ಮಹಾಕೂಟ, ಪಟ್ಟದಕಲ್ಲು, ಐಹೊಳೆ. ಐದನೇ ದಿನ ಕೂಡಲಸಂಗಮ, ಬಿಜಾಪುರ. ಆರನೇ ದಿನ ಬಿಜಾಪುರದಿಂದ ಬೆಂಗಳೂರಿಗೆ ಐನೂರಕ್ಕೂ ಹೆಚ್ಚು ಕಿಲೋಮೀಟರ್ ಒಂದೇ ಏಟಿಗೆ. ಪ್ರತಿ ಜಾಗದ ಎದುರು ಎಷ್ಟು ನಿಮಿಷ ಅಂತ ಒಂದು ಕಾಲಂ. ಪಟ್ಟದಕಲ್ಲಿಗೆ 45 ನಿಮಿಷ. ಕೊನೆಯಲ್ಲಿ ‘ಕಪಲ್ ಫೋಟೋ ಸ್ಪಾಟ್’ ಅಂತ ಇನ್ನೊಂದು ಕಾಲಂ.

ಒಳ್ಳೇದನ್ನ ಮೊದಲು ಹೇಳಿಬಿಡ್ತೀನಿ. ತಂಗಿ ಮನೆಪಾಠ ಚೆನ್ನಾಗಿ ಮಾಡಿದ್ದಾಳೆ. ದೂರಗಳು ಸರಿಯಿವೆ. ಮದುವೆ ನವೆಂಬರಿನಲ್ಲಿ ಇರೋದ್ರಿಂದ ಬಿಸಿಲು ತಡೆಯಬಹುದು. ಏಪ್ರಿಲ್ಲಿನಲ್ಲಿ ಆ ಕಡೆ ಹೋದವರಿಗೆ ಇತಿಹಾಸಕ್ಕಿಂತ ಎಳನೀರಿನ ಗಾಡಿ ಹೆಚ್ಚು ಇಷ್ಟ ಆಗುತ್ತೆ. ಶುಕ್ರವಾರ ಬಾದಾಮಿಯ ಮ್ಯೂಸಿಯಂ ರಜೆ ಅನ್ನೋದನ್ನೂ ಗುರುತು ಹಾಕಿದ್ದಾಳೆ.

ಆದರೆ ಇದು ಹಸಿವಿನಿಂದ ಬರೆದ ಪ್ಲಾನ್. ಮದುವೆ ಊಟದಲ್ಲಿ ಎಲೆ ತುಂಬ ಬಡಿಸಿಕೊಂಡು ಅರ್ಧಕ್ಕೇ ಏಳ್ತಾರಲ್ಲ, ಹಾಗೆ. ‘ಇಷ್ಟು ದೂರ ಹೋಗ್ತಿದ್ದೀವಿ, ಅದನ್ನೂ ಕವರ್ ಮಾಡೋಣ’ ಅಂತ ನಾವೆಲ್ಲ ಹೇಳ್ತೀವಿ. ಸಿಲಬಸ್ ಕವರ್ ಮಾಡಿ ಮಾಡಿ ಬೆಳೆದವರು ನಾವು. ಪರೀಕ್ಷೆ ಇಲ್ಲದ ಕಡೆಗೂ ಆ ಮಾತನ್ನ ಎಳ್ಕೊಂಡು ಹೋಗ್ತೀವಿ.

ಇದಕ್ಕಿಂತ ದೊಡ್ಡ ತಕರಾರು ಬೇರೆ ಇದೆ. ಈ ಶೀಟ್ ಎರಡು ಕಥೆಗಳನ್ನ ಕತ್ತರಿಸಿ ಒಂದರೊಳಗೊಂದು ತುರುಕಿದೆ. ಹಂಪಿ ಮತ್ತು ಬಿಜಾಪುರ ಒಂದು ಕಥೆ. 1565ರಲ್ಲಿ ವಿಜಯನಗರವನ್ನ ಸೋಲಿಸಿದ ಸುಲ್ತಾನರಲ್ಲಿ ಬಿಜಾಪುರದ ಆದಿಲಶಾಹಿಯೂ ಇದ್ದ. ಸೋತ ಊರು, ಗೆದ್ದ ಊರು ಎರಡನ್ನೂ ಒಟ್ಟಿಗೆ ನೋಡೋದು ತುಂಬ ಒಳ್ಳೆಯ ಐಡಿಯಾ. ಆದರೆ ಬಾದಾಮಿ, ಐಹೊಳೆ, ಪಟ್ಟದಕಲ್ಲು ಅದಕ್ಕಿಂತ ಸುಮಾರು ಸಾವಿರ ವರ್ಷ ಹಿಂದಿನ ಚಾಲುಕ್ಯರ ಕಥೆ. ಅದನ್ನ ಈ ಎರಡರ ನಡುವೆ ಇಟ್ಟರೆ ಎರಡೂ ಹಾಳು. ಕಾರಿನ ದಾರಿಯಲ್ಲಿ ಸಿಗುತ್ತೆ ಅಂದ ಮಾತ್ರಕ್ಕೆ ಕಥೆಯ ದಾರಿಯಲ್ಲೂ ಸಿಗಬೇಕು ಅಂತೇನಿಲ್ಲ. ಇತಿಹಾಸ ಇಷ್ಟ ಅನ್ನೋ ಜೋಡಿ ದಾರಿ ಆರಿಸುವಾಗ ಮ್ಯಾಪ್ ತೆಗೆಯೋದಕ್ಕೆ ಮುಂಚೆ ‘ನಮಗೆ ಯಾವ ಕಥೆ ಬೇಕು?’ ಅಂತ ಕೇಳ್ಕೊಳ್ಳಬೇಕು.

ಇನ್ನು ಆ ಫೋಟೋ ಸ್ಪಾಟ್ ಕಾಲಂ. ಅದರಲ್ಲಿರೋದು ಕಮಲ ಮಹಲ್, ರಾಣಿಯರ ಸ್ನಾನಗೃಹ ಇಂಥವೇ. ಇವೆಲ್ಲ ಆಮೇಲಿನವರು ಇಟ್ಟ ಹೆಸರುಗಳು. ರಾಣಿ ಅಂದ ತಕ್ಷಣ ನಮಗೆ ಸ್ನಾನ, ಕನ್ನಡಿ, ಪ್ರೇಮ ಇಷ್ಟೇ ನೆನಪಾಗೋದು. ರಾಣಿಯರು ನಿಜವಾಗಿ ಮಾಡಿದ ಕೆಲಸ ನೋಡಬೇಕಂದ್ರೆ ಪಟ್ಟದಕಲ್ಲಿಗೆ ಬನ್ನಿ. ಅಲ್ಲಿನ ಅತಿ ದೊಡ್ಡ ಗುಡಿ ವಿರೂಪಾಕ್ಷ. ಅದನ್ನ ಕಟ್ಟಿಸಿದ್ದು ಇಮ್ಮಡಿ ವಿಕ್ರಮಾದಿತ್ಯನ ರಾಣಿ ಲೋಕಮಹಾದೇವಿ. ಅದರ ಪಕ್ಕದಲ್ಲೇ, ಸ್ವಲ್ಪ ಚಿಕ್ಕದಾಗಿ, ಹೆಚ್ಚು ಕಡಿಮೆ ಅದೇ ನಕ್ಷೆಯಲ್ಲಿ ಮಲ್ಲಿಕಾರ್ಜುನ ಗುಡಿ. ಅದನ್ನ ಕಟ್ಟಿಸಿದ್ದು ತ್ರೈಲೋಕ್ಯಮಹಾದೇವಿ. ಅವಳೂ ಅದೇ ರಾಜನ ರಾಣಿ, ಲೋಕಮಹಾದೇವಿಯ ತಂಗಿ. ಹನಿಮೂನಿಗೆ ಹೋದವರು ‘ಪ್ರೇಮದ ಸ್ಮಾರಕ’ ಅಂತ ಪೋಸ್ಟ್ ಹಾಕೋದಕ್ಕೆ ಸ್ವಲ್ಪ ತೊಡಕಾಗುವ ಕಥೆ. ಅಕ್ಕ ತಂಗಿಯರ ನಡುವೆ ಪೈಪೋಟಿ ಇತ್ತಾ, ಒಪ್ಪಂದ ಇತ್ತಾ ಅಂತ ಆ ಎರಡು ಗುಡಿಗಳ ನಡುವೆ ನಿಂತು ಯೋಚಿಸೋಕೆ 45 ನಿಮಿಷ ಸಾಲೋದಿಲ್ಲ.

ನನಗೆ ಗೊತ್ತು, ಯಾಕಂದ್ರೆ ನಮ್ಮ ಶೀಟಿನಲ್ಲೂ ಅಷ್ಟೇ ಇತ್ತು. ನಾಲ್ಕನೇ ದಿನ, ಮಧ್ಯಾಹ್ನ ಹನ್ನೆರಡೂವರೆ. ಬೆಳಿಗ್ಗೆಯಿಂದ ನಾಲ್ಕು ಗುಹೆ, ಒಂದು ಮಹಾಕೂಟ ಆಗಿತ್ತು. ನನ್ನ ಗಂಡ ಪಟ್ಟದಕಲ್ಲಿನಲ್ಲಿ ಪ್ರತಿ ಗುಡಿಯ ಮುಂದಿನ ಬೋರ್ಡನ್ನೂ ನಿಂತು ಓದ್ತಿದ್ದ. ನಾನು ವಿರೂಪಾಕ್ಷದ ಒಳಗೆ, ಕಂಬದ ನೆರಳಲ್ಲಿ ಕೂತುಬಿಟ್ಟೆ. ಅಲ್ಲಿ ಇವತ್ತಿಗೂ ಪೂಜೆ ನಡೆಯುತ್ತೆ. ಊರಿನ ಒಬ್ಬ ಅಜ್ಜಿ ಬಂದು ಕೈ ಮುಗಿದು, ನನ್ನ ಪಕ್ಕದಲ್ಲೇ ಕೂತು ಸೆರಗಿನಲ್ಲಿ ಮುಖ ಒರೆಸಿಕೊಂಡರು. ಸಾವಿರದ ಇನ್ನೂರಕ್ಕೂ ಹೆಚ್ಚು ವರ್ಷದಿಂದ ಇಲ್ಲಿ ಜನ ಹೀಗೇ ಬಂದು ಕೂತಿರ್ತಾರಲ್ಲ ಅಂತ ನಾನು ಯೋಚಿಸ್ತಿದ್ದೆ.

ಅವನು ಬಂದು ವಾಚ್ ನೋಡಿ, ‘ಇನ್ನೂ ಪಾಪನಾಥ ಆಗಿಲ್ಲ, ಏಳು. ನೀನು ಇತಿಹಾಸ ನೋಡೋಕೆ ಬಂದಿದ್ಯಾ, ಕೂರೋಕೆ ಬಂದಿದ್ಯಾ?’ ಅಂದ.

‘ನೀನು ನನ್ನ ಜೊತೆ ಬಂದಿದ್ಯಾ, ಬೋರ್ಡ್ ಜೊತೆ ಬಂದಿದ್ಯಾ?’ ಅಂದೆ.

ಮದುವೆಯಾಗಿ ಒಂಬತ್ತನೇ ದಿನ. ನಮ್ಮ ಮೊದಲ ಜಗಳ. ಪಾಪನಾಥ ನೋಡಲಿಲ್ಲ. ಐಹೊಳೆಯವರೆಗೆ ಹದಿನೈದು ಕಿಲೋಮೀಟರೂ ಇಲ್ಲ, ಆದರೆ ಅಷ್ಟು ಉದ್ದದ ದಾರಿ ನಾನು ಇನ್ನೊಂದು ನೋಡಿಲ್ಲ. ಇಬ್ಬರಿಗೂ ಇತಿಹಾಸ ಇಷ್ಟ ಅಂತ ಮದುವೆಗೆ ಮುಂಚೆ ಖುಷಿಪಟ್ಟಿದ್ದೆವಲ್ಲ, ಆ ಪದಕ್ಕೆ ಇಬ್ಬರ ಹತ್ತಿರವೂ ಬೇರೆ ಬೇರೆ ಅರ್ಥ ಇದೆ ಅಂತ ಅಲ್ಲಿ ಗೊತ್ತಾಯ್ತು. ಅವನಿಗೆ ಯಾರು, ಯಾವಾಗ, ಯಾಕೆ ಕಟ್ಟಿಸಿದರು ಅನ್ನೋದು ಬೇಕು. ನನಗೆ ಅಲ್ಲಿ ಬಂದು ಹೋದ ಜನ ಬೇಕು.

ಐಹೊಳೆಯಲ್ಲಿ ದುರ್ಗ ಗುಡಿಯ ಸುತ್ತಿನ ಕಂಬಗಳಲ್ಲಿ ಒಂದಾದ ಮೇಲೊಂದು ದಂಪತಿ ಶಿಲ್ಪಗಳು. ನಾವಿಬ್ಬರು ಒಬ್ಬರಿಂದೊಬ್ಬರು ಹತ್ತು ಅಡಿ ದೂರದಲ್ಲಿ ನಡೀತಿದ್ವಿ. ಕೊನೆಗೆ ಅವನೇ ಮಾತಾಡಿದ: ‘ಇದು ದುರ್ಗಾದೇವಿಯ ಗುಡಿ ಅಲ್ಲ, ಗೊತ್ತಾ? ಪಕ್ಕದಲ್ಲಿ ಕೋಟೆ ಇತ್ತು. ದುರ್ಗ ಅಂದ್ರೆ ಕೋಟೆ.’ ಸಾರಿ ಕೇಳೋದಕ್ಕೆ ಅವನಿಗೆ ಗೊತ್ತಿದ್ದ ದಾರಿ ಅದೊಂದೇ ಅಂತ ಈಗ ನನಗೆ ಗೊತ್ತು. ಆವತ್ತು ಗೊತ್ತಿರಲಿಲ್ಲ. ‘ಬೋರ್ಡಲ್ಲಿತ್ತಾ?’ ಅಂದೆ.

ರಾತ್ರಿ ಬಾದಾಮಿಯಲ್ಲಿ ಬಿಜಾಪುರದ ಹೋಟೆಲ್ ಬುಕಿಂಗ್ ಕ್ಯಾನ್ಸಲ್ ಮಾಡಿದ್ವಿ. ಅಡ್ವಾನ್ಸ್ ಹೋಯ್ತು. ಮಾರನೇ ದಿನ ಬೆಳಿಗ್ಗೆ ತಿರುಗಿ ಪಟ್ಟದಕಲ್ಲಿಗೆ ಹೋದ್ವಿ. ಈ ಸಲ ಅವನು ನನ್ನ ಜೊತೆ ಅದೇ ಕಂಬದ ಹತ್ತಿರ ಕೂತು, ಹಿಂದಿನ ದಿನ ಓದಿದ್ದನ್ನ ಹೇಳಿದ. 642ರ ಸುಮಾರಿಗೆ ಪಲ್ಲವರ ನರಸಿಂಹವರ್ಮ ಬಾದಾಮಿಗೆ ನುಗ್ಗಿ ಗೆದ್ದು, ಅಲ್ಲಿನ ಬಂಡೆಯ ಮೇಲೆ ತನ್ನ ಶಾಸನ ಕೆತ್ತಿಸಿದ. ನೂರು ವರ್ಷ ಆದಮೇಲೆ ಇಮ್ಮಡಿ ವಿಕ್ರಮಾದಿತ್ಯ ಪಲ್ಲವರ ಕಂಚಿಯನ್ನ ಗೆದ್ದ. ಊರು ಸುಡಬಹುದಿತ್ತು. ಸುಡಲಿಲ್ಲ. ಕಂಚಿಯ ಕೈಲಾಸನಾಥ ಗುಡಿಯ ಸಂಪತ್ತನ್ನ ದೇವರಿಗೇ ಬಿಟ್ಟುಕೊಟ್ಟು, ಹಾಗೆ ಮಾಡಿದೆ ಅಂತ ಅಲ್ಲೇ ಕನ್ನಡದಲ್ಲಿ ಶಾಸನ ಹಾಕಿಸಿದ. ಆ ಗೆಲುವಿನ ನೆನಪಿಗೆ ಅವನ ರಾಣಿ ಕಟ್ಟಿಸಿದ್ದೇ ನಾವು ಕೂತಿದ್ದ ವಿರೂಪಾಕ್ಷ. ಸೋತವರ ಕೈಲಾಸನಾಥದ ಛಾಯೆ ಅದರಲ್ಲಿ ಎದ್ದು ಕಾಣುತ್ತೆ.

‘ಗೆದ್ದವನು ಸೋತವನಿಂದ ಕಲಿತ’ ಅಂದ. ಅದು ಬೋರ್ಡಿನಲ್ಲಿರಲಿಲ್ಲ.

ಆಮೇಲೆ ನಾನು ಅವನನ್ನ ಪಾಪನಾಥಕ್ಕೆ ಕರ್ಕೊಂಡು ಹೋದೆ. ಅದರ ಶಿಖರ ಉತ್ತರದ ನಾಗರ ಶೈಲಿ, ಗೋಡೆಗಳಲ್ಲಿ ದಕ್ಷಿಣದ ದ್ರಾವಿಡ ಶೈಲಿ. ಒಂದಕ್ಕೊಂದು ಪೂರ್ತಿ ಹೊಂದಿಕೊಂಡಿಲ್ಲ. ಉದ್ದ ಸ್ವಲ್ಪ ಹೆಚ್ಚಾಗಿ, ಶಿಖರ ಸ್ವಲ್ಪ ಕಮ್ಮಿಯಾಗಿ ಕಾಣುತ್ತೆ. ‘ಯಾರೋ ಇಬ್ಬರು ಮೇಸ್ತ್ರಿಗಳು ಜಗಳ ಆಡ್ಕೊಂಡೇ ಕಟ್ಟಿದ ಹಾಗಿದೆ’ ಅಂದೆ. ಅವನು ಜೋರಾಗಿ ನಕ್ಕ. ಮಧ್ಯಾಹ್ನ ಬನಶಂಕರಿ ಗುಡಿಯ ಹತ್ತಿರ ಹೆಂಗಸರು ಬುಟ್ಟಿಯಲ್ಲಿ ತಂದು ಮಾರುವ ಜೋಳದ ರೊಟ್ಟಿ, ಪಲ್ಯ, ಗಟ್ಟಿ ಮೊಸರು ತಿಂದ್ವಿ. ಸಂಜೆ ಬಾದಾಮಿಯ ಅಗಸ್ತ್ಯ ತೀರ್ಥದ ದಡದಲ್ಲಿ, ಭೂತನಾಥ ಗುಡಿಯ ಹತ್ತಿರ ಕತ್ತಲಾಗೋವರೆಗೆ ಸುಮ್ಮನೆ ಕೂತಿದ್ವಿ. ಗೋಳಗುಮ್ಮಟವನ್ನ ಜೊತೆಯಾಗಿ ಇವತ್ತಿನವರೆಗೂ ನೋಡಿಲ್ಲ. ಅದಕ್ಕೆ ಬೇಜಾರೂ ಇಲ್ಲ.

ಹಾಗಾಗಿ ತಂಗಿಯ ಶೀಟಿಗೆ ನನ್ನ ತಿದ್ದುಪಡಿಗಳು ಇಷ್ಟು. ಬಿಜಾಪುರ, ಕೂಡಲಸಂಗಮ, ಚಿತ್ರದುರ್ಗ ತೆಗೆದುಬಿಡಿ. ಅವುಗಳಿಗೆ ಅನ್ಯಾಯ ಆಗಬಾರದು ಅಂತಲೇ ತೆಗೆಯಿರಿ. ಹಂಪಿ ಮತ್ತು ಬಿಜಾಪುರ ಮುಂದಿನ ವರ್ಷದ ವಾರ್ಷಿಕೋತ್ಸವಕ್ಕೆ ಇರಲಿ. ಹೋಗ್ತಾ ಹೊಸಪೇಟೆಯಲ್ಲಿ ಒಂದು ರಾತ್ರಿ ಮಲಗಿ, ಆಮೇಲೆ ಬಾದಾಮಿಯಲ್ಲೇ ಮೂರು ರಾತ್ರಿ ಉಳಿಯಿರಿ. ಪಟ್ಟದಕಲ್ಲು ಅಲ್ಲಿಂದ 22 ಕಿಲೋಮೀಟರ್ ಅಷ್ಟೇ. ಬರ್ತಾನೂ ದಾರಿಯಲ್ಲಿ ಒಂದು ರಾತ್ರಿ ನಿಲ್ಲಿ. ಐದು ರಾತ್ರಿ ಸರಿಯಾಯ್ತು. ಸ್ಟೀರಿಂಗ್ ಇಬ್ಬರೂ ಹಿಡೀರಿ. ಒಬ್ಬರೇ ಓಡಿಸಿದರೆ ಸಂಜೆಯ ಹೊತ್ತಿಗೆ ಅವರಿಗೆ ಯಾವ ಚಾಲುಕ್ಯನೂ ಬೇಡ. ರಜೆ ಮೂರೇ ದಿನ ಅಂತಾದರೆ ಹಾಸನದಲ್ಲಿದ್ದು ಬೇಲೂರು, ಹಳೇಬೀಡು ಮಾತ್ರ ನೋಡಿ, ಹೊಯ್ಸಳರ ಒಂದೇ ಕಥೆ ಸಾಕು.

ಮುಖ್ಯವಾಗಿ, ಇಬ್ಬರೂ ಸೇರಿ ಯಾವುದಾದರೂ ಒಂದು ಜಾಗವನ್ನ ಎರಡು ಸಲ ನೋಡಿ. ಒಂದು ಸಲ ಅವನ ಥರ, ಒಂದು ಸಲ ನಿನ್ನ ಥರ.

ಹೀಗೆಲ್ಲ ತಿದ್ದಿ ಶೀಟ್ ವಾಪಸ್ ಕಳಿಸಿದೆ. ಹದಿನೆಂಟು ಸಾಲು ಏಳಾಗಿತ್ತು. ಹತ್ತು ನಿಮಿಷದಲ್ಲಿ ಮೆಸೇಜ್ ಬಂತು: ‘ಅಕ್ಕಾ, ನಾಲ್ಕನೇ ದಿನ ಪೂರ್ತಿ ಖಾಲಿ ಬಿಟ್ಟಿದ್ದೀಯಲ್ಲ, ಆವತ್ತು ಏನ್ ಮಾಡೋದು?’

‘ಅಷ್ಟೊತ್ತಿಗೆ ಜಗಳ ಆಗಿರುತ್ತೆ, ಅದಕ್ಕೆ ಇಟ್ಟಿರೋದು’ ಅಂತ ಬರೆದೆ.